ಊರಿನ ಕಾರು ಮೇಸ್ತ್ರಿ: ಒಂದು ಕಸುಬಿನ ಚರಿತ್ರೆ

ಕಾರು ರಿಪೇರಿ ಮಾಡುವವನಿಗೆ ಕನ್ನಡನಾಡಿನಲ್ಲಿ ಬಹುಕಾಲ ನಡೆದುಬಂದ ಹೆಸರು ಮೇಸ್ತ್ರಿ. ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದ ಈ ಪದಕ್ಕೆ ಗುರು, ಕಸುಬಿನಲ್ಲಿ ಪಳಗಿದವನು ಎಂದರ್ಥ. ಗಾರೆ ಕೆಲಸದವನೂ ಮೇಸ್ತ್ರಿ, ಕಾಫಿ ತೋಟದಲ್ಲಿ ಆಳು ನೋಡಿಕೊಳ್ಳುವವನೂ ಮೇಸ್ತ್ರಿ, ಗ್ಯಾರೇಜಿನವನೂ ಮೇಸ್ತ್ರಿ. ಗೋಡೆಯೊಳಗೆ ಎಷ್ಟು ಸಿಮೆಂಟು ಸೇರಿತು ಎಂಬುದು ಮನೆ ಕಟ್ಟಿಸುವವನಿಗೆ ಹೇಗೆ ಕಾಣುವುದಿಲ್ಲವೋ, ಗೇರ್‌ಬಾಕ್ಸಿನೊಳಗೆ ಹೊಸ ಬೇರಿಂಗ್ ಬಿತ್ತೋ ಹಳೆಯದನ್ನೇ ತೊಳೆದು ಕೂಡಿಸಿದರೋ ಎಂಬುದು ಕಾರಿನ ಮಾಲೀಕನಿಗೂ ಕಾಣುವುದಿಲ್ಲ. ಕಾಣದ ಕೆಲಸಕ್ಕೆ ಹಣ ಕೊಡುವಲ್ಲಿ ನಂಬಿಕೆಗೆ ಏನಾದರೊಂದು ಗುರುತು ಬೇಕು. ನೂರು ವರ್ಷಗಳಲ್ಲಿ ಯಂತ್ರ ಬದಲಾದಂತೆಲ್ಲ ಆ ಗುರುತುಗಳೂ ಬದಲಾಗುತ್ತ ಬಂದಿವೆ.

ಚಾಲಕನೇ ಮೇಸ್ತ್ರಿಯಾಗಿದ್ದ ಕಾಲ

ಮುಂಬಯಿ, ಕಲ್ಕತ್ತೆಗಳಲ್ಲಿ ಮೋಟಾರು ಕಾರು ಕಾಣಿಸಿಕೊಂಡದ್ದು 1890ರ ದಶಕದ ಕೊನೆಯಲ್ಲಿ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಮೈಸೂರು ಅರಮನೆಗೂ, ಬೆಂಗಳೂರಿನ ದಂಡು ಪ್ರದೇಶಕ್ಕೂ, ಮಲೆನಾಡಿನ ಕಾಫಿ ತೋಟದ ಬಂಗಲೆಗಳಿಗೂ ಬಂತು. ಆಗ ರಿಪೇರಿಯೆಂಬುದು ಬೇರೆಯೇ ಕಸುಬಾಗಿರಲಿಲ್ಲ. ಓಡಿಸುವವನೇ ಬಿಚ್ಚಿ ಜೋಡಿಸಬೇಕಿತ್ತು. ‘ಷೋಫರ್’ ಎಂಬ ಫ್ರೆಂಚ್ ಪದದ ಮೂಲಾರ್ಥ ಬೆಂಕಿ ಉರಿಸುವವನು. ಉಗಿಯಂತ್ರದ ಒಲೆಯ ಮುಂದೆ ನಿಲ್ಲುತ್ತಿದ್ದವನ ಹೆಸರು ಮೋಟಾರು ಓಡಿಸುವವನಿಗೆ ಅಂಟಿಕೊಂಡಿತು. ಹ್ಯಾಂಡಲ್ ಹೊಡೆದು ಎಂಜಿನ್ ಎಬ್ಬಿಸುವುದು, ಟ್ಯೂಬಿಗೆ ತೇಪೆ ಹಾಕುವುದು, ಪ್ಲಗ್ಗಿನ ಮಸಿ ಕೆರೆಯುವುದು, ರೇಡಿಯೇಟರಿಗೆ ನೀರು ತುಂಬುವುದು ಎಲ್ಲ ಅವನದೇ ಪಾಲು. ಅವನು ಸಂಬಳದ ಆಳಾಗಿದ್ದ. ಕಾರು ಕೆಟ್ಟರೆ ನಷ್ಟ ಯಜಮಾನನದು, ಕೆಲಸ ಕೆಟ್ಟರೆ ನಷ್ಟ ಅವನದು.

ಈ ಕೆಲಸವನ್ನು ಮನೆಯಂಗಳದಿಂದ ಹೊರಗೆ ತಂದದ್ದು ಬಸ್ಸು. ಕರಾವಳಿಯಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಹುಟ್ಟಿತು. ಜನ ಅದನ್ನು ಸಿಪಿಸಿ ಎಂದೇ ಕರೆದರು. ಮುಂದೆ ಊರೂರಿಗೂ ಖಾಸಗಿ ಬಸ್ಸುಗಳು ಬಂದವು. ಹತ್ತಾರು ಗಾಡಿ ಇಟ್ಟುಕೊಂಡವನಿಗೆ ಪ್ರತಿ ಚಾಲಕನ ಕೈಚಳಕ ನೆಚ್ಚಿಕೊಂಡರೆ ಸಾಲದು. ಷೆಡ್ಡು ಬೇಕು, ಲೇತು ಬೇಕು, ಕುಲುಮೆ ಬೇಕು, ದಿನವಿಡೀ ಅದೇ ಕೆಲಸ ಮಾಡುವ ಜನ ಬೇಕು. ಲೋಹದ ಕೆಲಸ ಬಲ್ಲವರಿಗೆ ನಾಡಿನಲ್ಲಿ ಕೊರತೆಯೂ ಇರಲಿಲ್ಲ. ಹಳ್ಳಿಯ ಕಮ್ಮಾರರು ಇದ್ದರು. ಹುಬ್ಬಳ್ಳಿ ಮತ್ತು ಮೈಸೂರಿನ ರೈಲ್ವೆ ಕಾರ್ಯಾಗಾರಗಳೂ ಕೋಲಾರದ ಚಿನ್ನದ ಗಣಿಯ ವರ್ಕ್‌ಷಾಪುಗಳೂ ಫಿಟ್ಟರು, ಟರ್ನರುಗಳನ್ನು ತಯಾರು ಮಾಡುತ್ತಿದ್ದವು. ಬಿಡಿಭಾಗ ಹಡಗಿನಲ್ಲಿ ಬರಬೇಕಾಗಿದ್ದ ಆ ದಿನಗಳಲ್ಲಿ ಮುರಿದ ಷಾಫ್ಟಿನ ಅಳತೆ ತೆಗೆದು ಇಲ್ಲಿಯ ಉಕ್ಕಿನಲ್ಲಿ ಮತ್ತೊಂದನ್ನು ಕಡೆದುಕೊಡಬಲ್ಲವನೇ ದೊಡ್ಡ ಮೇಸ್ತ್ರಿ.

1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆಯಿತು. ಸ್ವಲ್ಪದರಲ್ಲೇ ಫೋರ್ಡ್ ಕೂಡ ಬಂತು. ಭಾಗಗಳೆಲ್ಲ ವಿದೇಶದವು, ನಟ್ಟು ಬಿಗಿಯುವುದು ಮಾತ್ರ ಇಲ್ಲಿ. ಕಾರನ್ನು ದೇಶದಲ್ಲೇ ತಯಾರಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಅದು ಆಗ ಕೈಗೂಡಲಿಲ್ಲ.

ಎರಡನೆಯ ಮಹಾಯುದ್ಧ ಈ ಕಸುಬಿನ ಕೈ ಪಳಗಿಸಿತು. ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳ ಹಿಂದೆ ದೊಡ್ಡ ಉರುಳೆಯಾಕಾರದ ಒಲೆ ಕೂಡಿಸಿ, ಇದ್ದಿಲು ಉರಿಸಿ, ಆ ಅನಿಲದಿಂದ ಎಂಜಿನ್ ಓಡಿಸಿದರು. ಬೂದಿ, ಟಾರು ಕಟ್ಟಿಕೊಳ್ಳುತ್ತಿದ್ದ ಎಂಜಿನ್ನುಗಳನ್ನು ಮತ್ತೆ ಮತ್ತೆ ಬಿಚ್ಚಿ ತೊಳೆಯಬೇಕಾಯಿತು. 1940ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಯುದ್ಧದ ನಡುವೆ ವಿಮಾನ ರಿಪೇರಿಯ ದೊಡ್ಡ ಕೇಂದ್ರವಾಗಿ, ಯಂತ್ರ ಬಿಚ್ಚಿ ಜೋಡಿಸುವ ಕೈಗಳಿಗೆ ಪಾಠಶಾಲೆಯಾಯಿತು. ಯುದ್ಧ ಮುಗಿದ ಮೇಲೆ ಸೇನೆ ಮಾರಿದ ‘ಡಿಸ್ಪೋಸಲ್’ ಜೀಪು, ಲಾರಿಗಳು ಪೇಟೆಗೆ ಬಂದವು; ಹಳೆಯ ಲಾರಿಯ ಚಾಸಿಯ ಮೇಲೆ ಮರದ ಮೈ ಕಟ್ಟಿ ಬಸ್ಸು ಮಾಡಿದರು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾದಾಗ ಡಿಪೋಗಳೂ ಮೆಕಾನಿಕ್‌ಗಳ ಮತ್ತೊಂದು ಪಾಠಶಾಲೆಯಾದವು.

ಎರಡು ಕಾರುಗಳ ಕಾಲ

ಸ್ವಾತಂತ್ರ್ಯದ ನಂತರ ಬಂದ ಕೈಗಾರಿಕಾ ನೀತಿ ಊರಿನ ಮೇಸ್ತ್ರಿಯ ಹಣೆಬರಹ ಬರೆಯಿತು. ಇಲ್ಲೇ ಕಾರು ತಯಾರಿಸುವ ಕಾರ್ಯಕ್ರಮವಿಲ್ಲದ ಕಂಪನಿಗಳಿಗೆ ಅವಕಾಶವಿಲ್ಲವೆಂದು ಸರ್ಕಾರ 1953ರ ಹೊತ್ತಿಗೆ ಸ್ಪಷ್ಟಪಡಿಸಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಉಳಿದದ್ದು ಕೈಬೆರಳೆಣಿಕೆಯಷ್ಟು. ಕಲ್ಕತ್ತೆ ಬಳಿಯ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಿಂದ ಅಂಬಾಸಡರ್ ತಯಾರಿಸಿತು. ಮುಂಬಯಿಯ ಪ್ರೀಮಿಯರ್ ಕಂಪನಿ ಫಿಯಟ್ 1100 ತಯಾರಿಸಿ, 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಿಟ್ಟಿತು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ತಯಾರಾಗುತ್ತಿತ್ತು. ತೋಟ, ಕಾಡು, ಕಚ್ಚಾ ರಸ್ತೆಯ ಕಡೆಗೆ ಮಹೀಂದ್ರ ಜೀಪು. ಕಾರು ಬೇಕೆಂದವನು ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಸಿಕ್ಕಿದ ಮೇಲೆ ಹದಿನೈದು ಇಪ್ಪತ್ತು ವರ್ಷ ಅದನ್ನೇ ಓಡಿಸಬೇಕು.

ಇದರಿಂದ ಮೇಸ್ತ್ರಿಗೆ ಎರಡು ಅನುಕೂಲವಾದವು. ಕಲಿಯಬೇಕಾದ ಎಂಜಿನ್ನು ಎರಡೇ ಮೂರು. ಅಂಬಾಸಡರಿನ ನಟ್ಟುಗಳು ಇಂಚಿನ ಲೆಕ್ಕದವು, ಫಿಯಟ್ಟಿನವು ಮಿಲಿಮೀಟರಿನವು. ಎರಡು ಸೆಟ್ ಸ್ಪ್ಯಾನರ್ ಇದ್ದರೆ ಗ್ಯಾರೇಜು ನಡೆಯುತ್ತಿತ್ತು. ಇನ್ನೊಂದು, ಅದೇ ಕಾರು ಅದೇ ಗಿರಾಕಿಯೊಂದಿಗೆ ದಶಕಗಟ್ಟಲೆ ಅದೇ ಬಾಗಿಲಿಗೆ ಬರುತ್ತಿತ್ತು. ಯಾವ ಕಾರಿನ ಎಂಜಿನ್ ಎಷ್ಟು ಸಲ ಇಳಿದಿದೆ, ಸಿಲಿಂಡರು ಹತ್ತು ಥೌ ಬೋರ್ ಆಗಿದೆಯೋ ಇಪ್ಪತ್ತು ಥೌ ಆಗಿದೆಯೋ ಎಂಬುದು ಮೇಸ್ತ್ರಿಯ ತಲೆಯಲ್ಲೇ ಇರುತ್ತಿತ್ತು. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಸವೆದ ಸಿಲಿಂಡರನ್ನು ಅಷ್ಟು ಅಗಲಿಸಿ, ಅದಕ್ಕೆ ತಕ್ಕ ದಪ್ಪ ಪಿಸ್ಟನ್ ಹಾಕಿ, ಹಿಂದಿನ ಗಾಜಿನ ಮೇಲೆ ‘ರನ್ನಿಂಗ್ ಇನ್’ ಎಂದು ಚೀಟಿ ಅಂಟಿಸಿದರೆ ಹಳೆಯ ಕಾರಿಗೆ ಹೊಸ ಆಯುಸ್ಸು.

ಆ ಕಾಲದ ಕೆಲಸ ಕಣ್ಣೆದುರು ನಡೆಯುತ್ತಿತ್ತು. ಅಂಬಾಸಡರಿನ ಬಾನೆಟ್ ಎತ್ತಿದರೆ ಎಂಜಿನ್ ಸುತ್ತ ಧಾರಾಳ ಜಾಗ. ಮಳೆಗಾಲದ ಬೆಳಗ್ಗೆ ಕಾರು ಎಬ್ಬಿಸಿದರೂ ಏಳದಿದ್ದರೆ ಮೇಸ್ತ್ರಿ ಮೊದಲು ಕೈ ಹಾಕುತ್ತಿದ್ದದ್ದು ಪ್ಲಗ್ಗುಗಳಿಗೆ ವಿದ್ಯುತ್ತು ಹಂಚುವ ಡಿಸ್ಟ್ರಿಬ್ಯೂಟರಿಗೆ. ಎರಡು ಕ್ಲಿಪ್ ತೆಗೆದು, ಮುಚ್ಚಳ ಎತ್ತಿ, ಒಳಗಿನ ತೇವ ಬಟ್ಟೆಯಿಂದ ಒರೆಸಿ, ‘ಪಾಯಿಂಟ್’ ಎನ್ನುವ ಪುಟ್ಟ ಲೋಹದ ತುಟಿಗಳನ್ನು ಎಮರಿ ಕಾಗದದಿಂದ ಉಜ್ಜುತ್ತಿದ್ದ. ಆ ತುಟಿಗಳ ನಡುವಿನ ಸಂದು ಸುಮಾರು ಹದಿನೈದು ಥೌ ಇರಬೇಕು. ಫೀಲರ್ ಗೇಜ್ ಕೈಗೆ ಸಿಗದಿದ್ದರೆ ಜೇಬಿನ ವಿಸಿಟಿಂಗ್ ಕಾರ್ಡು ತೂರಿಸಿ ಸಂದು ಹಿಡಿಯುತ್ತಿದ್ದ. ಬಿಚ್ಚಿದ ಪ್ಲಗ್ಗಿನ ಮೂತಿ ಕಂದುಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ, ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಬಿಳಿಚಿದ್ದರೆ ಕಡಿಮೆಯಾಗಿ ಕಾಯುತ್ತಿದೆ. ಹೊಗೆಯೂ ಮಾತಾಡುತ್ತಿತ್ತು: ನೀಲಿಯಾದರೆ ರಿಂಗು ಸವೆದು ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಹೋಗುತ್ತಿದೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ ಮೇಲಿಟ್ಟು ಹಿಡಿಯನ್ನು ಕಿವಿಗೊತ್ತಿಕೊಂಡರೆ ಯಾವ ಬೇರಿಂಗ್ ಗೊಣಗುತ್ತಿದೆ ಎಂಬುದು ಕೇಳುತ್ತಿತ್ತು.

ಪಕ್ಕದಲ್ಲಿ ನಿಂತ ಗಿರಾಕಿಗೂ ಇದರಲ್ಲಿ ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧಕ್ಕೆ ಒಂದು ಪದ್ಧತಿ ಬೆಳೆಯಿತು. ಬಿಚ್ಚಿ ತೆಗೆದ ಸವೆದ ಭಾಗವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಸ್ತ್ರಿ ಗಿರಾಕಿಯ ಕೈಗೆ ಕೊಡುತ್ತಿದ್ದ. ಹೊಸದು ಹಾಕಿದ್ದೇನೆ ಎಂಬುದಕ್ಕೆ ಅದೇ ರಸೀತಿ.

ಗ್ಯಾರೇಜಿನ ಪಾಠಶಾಲೆ

ಕಸುಬು ಕಲಿಸುವ ಸರ್ಕಾರಿ ದಾರಿ 1950ರಲ್ಲಿ ತೆರೆಯಿತು. ಆ ವರ್ಷ ಶುರುವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಐಟಿಐಗಳು ಬಂದವು. ಮೋಟಾರು ವಾಹನ ಮೆಕಾನಿಕ್ ಎಂಬ ಎರಡು ವರ್ಷದ ಕೋರ್ಸು ಅದರಲ್ಲೊಂದು. 1961ರ ಅಪ್ರೆಂಟಿಸ್ ಕಾಯ್ದೆ ದೊಡ್ಡ ಕಾರ್ಖಾನೆಗಳಲ್ಲಿ ಕಲಿಕೆಯ ಅವಕಾಶ ಕಲ್ಪಿಸಿತು. ಆದರೂ ಬೀದಿ ಬದಿಯ ಗ್ಯಾರೇಜಿಗೆ ಬಂದವರಲ್ಲಿ ಹೆಚ್ಚಿನವರು ಶಾಲೆ ಬಿಟ್ಟ ಹುಡುಗರು.

ಅಲ್ಲಿ ಪಠ್ಯವಿರಲಿಲ್ಲ, ಕ್ರಮವಿತ್ತು. ಮೊದಲು ಚಹಾ ತರುವುದು, ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುವುದು, ಕೇಳಿದ ನಂಬರಿನ ಸ್ಪ್ಯಾನರನ್ನು ನೋಡದೆ ಎತ್ತಿಕೊಡುವುದು. ಆಮೇಲೆ ಚಕ್ರ ಬಿಚ್ಚುವುದು, ಗ್ರೀಸು ತುಂಬುವುದು, ಬ್ರೇಕು ಹೊಂದಿಸುವುದು. ಕ್ಲಚ್ಚು, ಗೇರ್‌ಬಾಕ್ಸಿನ ಸರದಿ ಬರುವ ಹೊತ್ತಿಗೆ ವರ್ಷಗಳಾಗಿರುತ್ತಿದ್ದವು. ಎಂಜಿನ್ ಕೊನೆಯ ಪಾಠ. ಅಷ್ಟು ಕಲಿತವನು ಬೇರೆ ಬೀದಿಯಲ್ಲಿ ಸ್ವಂತ ಷೆಡ್ಡು ಹಾಕಿದರೆ ‘ಇಂಥ ಮೇಸ್ತ್ರಿಯ ಕೈಕೆಳಗೆ ಬೆಳೆದವನು’ ಎಂಬ ಮಾತೇ ಅವನ ಪ್ರಮಾಣಪತ್ರ. ಈ ವ್ಯವಸ್ಥೆಗೆ ಕತ್ತಲ ಮಗ್ಗುಲೂ ಇತ್ತು. ಎಳೆಯ ಹುಡುಗರ ದುಡಿಮೆಗೆ ಸಂಬಳವೆಂಬುದು ಹೆಸರಿಗಷ್ಟೇ. ಬಾಲಕಾರ್ಮಿಕರನ್ನು ಕುರಿತ 1986ರ ಕಾಯ್ದೆಯ ನಿಷೇಧಿತ ಉದ್ಯೋಗಗಳ ಪಟ್ಟಿಗೆ ಮೋಟಾರು ಗ್ಯಾರೇಜುಗಳೂ ಸೇರಿದವು. 2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು.

ವರ್ಷಕ್ಕೊಮ್ಮೆ ಈ ಸಂಬಂಧಗಳೆಲ್ಲ ಒಂದೆಡೆ ಸೇರುತ್ತಿದ್ದದ್ದು ಆಯುಧಪೂಜೆಯಂದು. ಹಿಂದಿನ ರಾತ್ರಿಯೇ ನೆಲದ ಆಯಿಲು ಕೆರೆದು, ಸ್ಪ್ಯಾನರು, ಜಾಕಿಗಳನ್ನು ತೊಳೆದು, ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿ ಅರಿಸಿನ ಕುಂಕುಮ ಹಚ್ಚುವುದು. ಅಂದು ಉಪಕರಣ ಮುಟ್ಟುವಂತಿಲ್ಲ. ಹುಡುಗರಿಗೆ ಹೊಸ ಬಟ್ಟೆ, ಬಂದವರಿಗೆ ಕಡ್ಲೆಪುರಿ, ಸಿಹಿ. ಹಳೆಯ ಗಿರಾಕಿಗಳು ಕಾರು ತಂದು ನಿಲ್ಲಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಸಿಕೊಂಡು ಹೋಗುವರು. ಈ ವಾಡಿಕೆ ಇಂದಿಗೂ ನಡೆದಿದೆ.

ಬಿಡಿಭಾಗದ ಬೀದಿಗಳು

ಮೇಸ್ತ್ರಿಯ ಕೈಗೆ ಬಿಡಿಭಾಗ ಸಿಗುವಂತೆ ಮಾಡಿದ್ದು ಪೇಟೆಯ ಕೆಲವು ಬೀದಿಗಳು. ಬೆಂಗಳೂರಿನ ಜೆ.ಸಿ. ರಸ್ತೆ ಕಾರಿನ ಬಿಡಿಭಾಗ, ಸೀಟ್ ಕವರುಗಳಿಗೆ ಹೆಸರಾಯಿತು. ಪಕ್ಕದ ಕಲಾಸಿಪಾಳ್ಯ ಲಾರಿ, ಬಸ್ಸುಗಳ ಕಡೆಗೆ ವಾಲಿತು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ ಬಾಗಿಲು, ದೀಪ, ಗೇರ್‌ಬಾಕ್ಸುಗಳನ್ನು ಬೇರೆ ಬೇರೆ ಮಾರುತ್ತಿದ್ದರು. ಆಡುಗೋಡಿಯಲ್ಲಿ 1950ರ ದಶಕದಲ್ಲಿ ನೆಲೆಯೂರಿದ ಮೈಕೋ ಕಾರ್ಖಾನೆ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳನ್ನು ತಯಾರಿಸಿತು. ಅದರಿಂದ ಪಂಪ್ ರಿಪೇರಿಯೆಂಬ ಉಪಕಸುಬೇ ಬೆಳೆಯಿತು. ಅಳತೆಯಂತ್ರದ ಮೇಲೆ ಹೊಂದಿಸಿದ ಡೀಸೆಲ್ ಪಂಪಿಗೆ ಸೀಸದ ಮುದ್ರೆ ಒತ್ತಿ ಕೊಡುವುದಿತ್ತು. ಮುದ್ರೆ ಒಡೆದಿದ್ದರೆ ಯಾರೋ ನಡುವೆ ಕೈಯಾಡಿಸಿದ್ದಾರೆ ಎಂದರ್ಥ.

ಬಿಡಿಭಾಗದ ವಿಷಯದಲ್ಲೇ ಅನುಮಾನವೂ ಹೆಚ್ಚು. ಮೇಸ್ತ್ರಿ ಬೇಕಾದ ಸಾಮಾನನ್ನು ಚೀಟಿಯಲ್ಲಿ ಬರೆದುಕೊಟ್ಟು, ಗಿರಾಕಿಯೇ ಹೋಗಿ ಕೊಂಡು ತರುವ ರೂಢಿ ಬೆಳೆದದ್ದು ಅದಕ್ಕೇ. ಹೀಗೆ ಮಾಡಿದರೆ ಬೆಲೆಯಲ್ಲಿ ಮೋಸವಿಲ್ಲ ಎಂಬ ಸಮಾಧಾನ. ಆದರೆ ಅಂಗಡಿಯವನು ಆಮೇಲೆ ಮೇಸ್ತ್ರಿಗೆ ಕಮಿಷನ್ ಕೊಡುವುದೂ ಉಂಟೆಂಬುದು ಪೇಟೆ ಬಲ್ಲವರಿಗೆ ಗೊತ್ತಿತ್ತು. ‘ಒರಿಜಿನಲ್’, ‘ಲೋಕಲ್’, ‘ಡೂಪ್ಲಿಕೇಟ್’ ಎಂಬ ಮೂರು ದರ್ಜೆಗಳು ಮಾತಿಗೆ ಬಂದವು. ಲೋಕಲ್ ಎಂದರೆ ಬೇರೆ ಸಣ್ಣ ಕಾರ್ಖಾನೆ ತನ್ನ ಹೆಸರಿನಲ್ಲೇ ಮಾಡಿದ್ದು, ಅದರಲ್ಲಿ ಮೋಸವಿಲ್ಲ. ಡೂಪ್ಲಿಕೇಟ್ ಎಂದರೆ ದೊಡ್ಡ ಕಂಪನಿಯ ಡಬ್ಬಿಯನ್ನೇ ನಕಲು ಮಾಡಿದ್ದು. ಎರಡರ ವ್ಯತ್ಯಾಸವನ್ನು ಕೆಲಸಕ್ಕೆ ಮೊದಲೇ ಹೇಳಿ, ಬೆಲೆಯನ್ನೂ ಹೇಳಿ, ಆಯ್ಕೆ ಗಿರಾಕಿಗೆ ಬಿಡುವವನು ಒಳ್ಳೆಯ ಮೇಸ್ತ್ರಿ ಎನಿಸಿಕೊಂಡ.

ಮಾರುತಿ ಬಂದ ಮೇಲೆ

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗಿರಾಕಿಯ ಕೈ ಸೇರಿತು. ಮೂರು ಸಿಲಿಂಡರಿನ, 796 ಸಿಸಿಯ ಆ ಪುಟ್ಟ ಎಂಜಿನ್ ಅಡ್ಡಡ್ಡ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿತ್ತು. ಬಾನೆಟ್ಟಿನೊಳಗೆ ಕೈ ತೂರಿಸಲು ಜಾಗವಿಲ್ಲವೆಂದು ಅಂಬಾಸಡರಿಗೆ ಒಗ್ಗಿದವರು ಗೊಣಗಿದರು. ಕಾರು ಮಾತ್ರ ಅಷ್ಟು ಸುಲಭಕ್ಕೆ ಕೆಡುತ್ತಿರಲಿಲ್ಲ. ಅದರ ಜೊತೆಗೆ ಬಂದದ್ದು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರ: ಇಷ್ಟು ಕಿಲೋಮೀಟರಿಗೆ ಇಂಥ ಸರ್ವಿಸ್ ಎಂಬ ಪುಸ್ತಕ, ಜಾಬ್ ಕಾರ್ಡು, ಮುದ್ರಿತ ಬಿಲ್ಲು, ವಾರಂಟಿ. ಗಿರಾಕಿ ಗಾಜಿನಾಚೆ ಕೂತು ಕಾಯಬೇಕು. ನಂಬಿಕೆ ವ್ಯಕ್ತಿಯ ಮುಖದಿಂದ ಕಂಪನಿಯ ಹೆಸರಿಗೆ ಸರಿಯಿತು.

ಆದರೂ ಊರಿನ ಗ್ಯಾರೇಜು ಮುಚ್ಚಲಿಲ್ಲ. ವಾರಂಟಿ ಮುಗಿದ ಕಾರುಗಳು ಖರ್ಚು ಕಡಿಮೆಯೆಂದು ಅಲ್ಲಿಗೇ ಮರಳಿದವು. ಒಂದೇ ಮಾದರಿಯ ಲಕ್ಷಗಟ್ಟಲೆ ಕಾರು ರಸ್ತೆಯಲ್ಲಿದ್ದುದರಿಂದ ಮಾರುತಿಯ ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೂ ಸಿಕ್ಕಿತು. ಹೊಸ ತಲೆಮಾರಿನ ಮೆಕಾನಿಕ್‌ಗಳು ಅದರಲ್ಲೇ ಕೈ ಪಳಗಿಸಿಕೊಂಡರು. ಈ ಹೊತ್ತಿಗೆ ಮೇಸ್ತ್ರಿ ಎಂಬ ಮಾತು ಹಿಂದೆ ಸರಿದು ಮೆಕಾನಿಕ್ ಎಂಬುದೇ ಗಟ್ಟಿಯಾಯಿತು.

ಕಿವಿಯಿಂದ ಸ್ಕ್ಯಾನರಿಗೆ

1990ರ ದಶಕದ ಕೊನೆಗೆ ಹುಂಡೈ ಸ್ಯಾಂಟ್ರೊ, ಟಾಟಾ ಇಂಡಿಕಾ ಬಂದವು. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಹೊರಬಂತು. ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರ್ ಹೋಗಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂತು, ಪಾಯಿಂಟ್ ಹೋಗಿ ಸೆನ್ಸರ್ ಬಂತು. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಲ್ಲಿ ಬಿಎಸ್-4 ನಿಯಮ ಜಾರಿಯಾಯಿತು. 2017ರಲ್ಲಿ ಅದು ದೇಶಕ್ಕೆಲ್ಲ ಅನ್ವಯಿಸಿತು. 2020ರ ಏಪ್ರಿಲ್‌ನಿಂದ ಬಿಎಸ್-6. ಎಂಜಿನ್ ತನ್ನ ದೋಷವನ್ನು ತಾನೇ ಗುರುತಿಟ್ಟುಕೊಳ್ಳುವ ವ್ಯವಸ್ಥೆ, ಅಂದರೆ ಓಬಿಡಿ, ಕಾರಿನ ಕಡ್ಡಾಯ ಅಂಗವಾಯಿತು. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಕಿಂಡಿಗೆ ಸ್ಕ್ಯಾನರ್ ಜೋಡಿಸಿದರೆ ಪರದೆಯ ಮೇಲೆ ದೋಷದ ಸಂಖ್ಯೆ ಮೂಡುತ್ತದೆ.

ಸ್ಕ್ಯಾನರ್ ಬಂದರೂ ಮೆಕಾನಿಕ್‌ನ ಬುದ್ಧಿಗೆ ಕೆಲಸ ತಪ್ಪಲಿಲ್ಲ. ಪಿ0171 ಎಂಬ ಸಂಖ್ಯೆ ಬಂತೆನ್ನೋಣ. ಎಂಜಿನ್ನಿಗೆ ಗಾಳಿ ಹೆಚ್ಚಾಗಿ ಇಂಧನ ಕಡಿಮೆ ಬೀಳುತ್ತಿದೆ ಎಂದಷ್ಟೇ ಅದರರ್ಥ. ಏಕೆಂದು ಅದು ಹೇಳುವುದಿಲ್ಲ. ಗಾಳಿ ಅಳೆಯುವ ಸೆನ್ಸರಿಗೆ ಧೂಳು ಹಿಡಿದಿರಬಹುದು, ಪೆಟ್ರೋಲ್ ಪಂಪ್ ಸೊರಗಿರಬಹುದು, ಎಲ್ಲೋ ಒಂದು ರಬ್ಬರ್ ಪೈಪು ಬಿರುಕು ಬಿಟ್ಟು ಗಾಳಿ ಹೀರುತ್ತಿರಬಹುದು. ಸಂಖ್ಯೆ ಕಂಡ ಕೂಡಲೇ ದುಬಾರಿ ಸೆನ್ಸರ್ ಬದಲಿಸುವವನೂ ಉಂಟು, ಪೈಪುಗಳನ್ನೆಲ್ಲ ಕೈಯಲ್ಲಿ ತಡವಿ ಬಿರುಕು ಹುಡುಕುವವನೂ ಉಂಟು. ಪ್ಲಗ್ಗಿನ ಬಣ್ಣ ಓದುತ್ತಿದ್ದ ಮೇಸ್ತ್ರಿಯ ವಿದ್ಯೆ ಉಳಿದಿರುವುದು ಎರಡನೆಯವನಲ್ಲಿ.

ಆದರೆ ಗಿರಾಕಿಗೆ ಮೊದಲು ಕಾಣುತ್ತಿದ್ದ ಅರ್ಧವೂ ಮರೆಯಾಯಿತು. ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಹೊದಿಕೆ, ಅದರಡಿ ಮುಚ್ಚಿದ ಪೆಟ್ಟಿಗೆಗಳು. ಅನೇಕ ಕೆಲಸಗಳಿಗೆ ಕಂಪನಿಯದೇ ಸಾಫ್ಟ್‌ವೇರ್ ಬೇಕಾಯಿತು, ಅದು ಹೊರಗಿನ ಗ್ಯಾರೇಜಿಗೆ ಸಿಗುತ್ತಿರಲಿಲ್ಲ.

ಕಾನೂನು ನಡುವೆ ಬಂದದ್ದು

1986ರ ಗ್ರಾಹಕ ರಕ್ಷಣಾ ಕಾಯ್ದೆ ಹಣ ಪಡೆದು ಮಾಡುವ ರಿಪೇರಿಯನ್ನೂ ‘ಸೇವೆ’ಯೆಂದು ಪರಿಗಣಿಸಿ, ಸೇವೆಯಲ್ಲಿ ಲೋಪವಾದರೆ ಜಿಲ್ಲಾ ವೇದಿಕೆಗೆ ದೂರು ಕೊಡುವ ಹಾದಿ ತೆರೆದಿತ್ತು. ಅದರ ಜಾಗಕ್ಕೆ ಬಂದ 2019ರ ಕಾಯ್ದೆಯೂ ಆ ಹಾದಿಯನ್ನು ಉಳಿಸಿಕೊಂಡಿದೆ. ಬಿಲ್ಲಿಲ್ಲದ ಕೆಲಸಕ್ಕೆ ಮಾತ್ರ ಸಾಕ್ಷಿ ಒದಗಿಸುವುದು ಕಷ್ಟ.

ಊರಿನ ಗ್ಯಾರೇಜಿನ ಪಾಲಿಗೆ ದೊಡ್ಡ ಆದೇಶ ಹೊರಬಿದ್ದದ್ದು 2014ರ ಆಗಸ್ಟ್ 25ರಂದು. ಬಿಡಿಭಾಗ, ತಪಾಸಣಾ ಉಪಕರಣ ಮತ್ತು ತಾಂತ್ರಿಕ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿಯನ್ನು ಇಡಿಯಾಗಿ ರದ್ದು ಮಾಡುವಂತಿಲ್ಲ ಎಂದೂ ಹೇಳಿತು. ದಂಡದ ವಿಚಾರ ಮೇಲ್ಮನವಿಗೆ ಹೋಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿಯ ಹಕ್ಕು’ ಎಂಬ ಮಾತನ್ನು ಚರ್ಚೆಗೆ ತಂದು, ಡಿಸೆಂಬರ್ 24ರಂದು ಅದಕ್ಕೊಂದು ಜಾಲತಾಣ ತೆರೆಯಿತು. ವಾಹನ ಅದರ ನಾಲ್ಕು ಕ್ಷೇತ್ರಗಳಲ್ಲೊಂದು.

ಇಂದಿನ ಗ್ಯಾರೇಜು

ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿ ಅದಕ್ಕೂ ಬಹಳ ಮೊದಲೇ ನಿಂತಿತ್ತು. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ, ವಿದ್ಯುತ್ ಕಾರು ಹೇಗಿರುತ್ತದೆಂದು ಗ್ಯಾರೇಜಿನವರಿಗೆ ಮೊದಲೇ ತೋರಿಸಿತ್ತು. ಅದರಲ್ಲಿ ಪ್ಲಗ್ಗಿಲ್ಲ, ಪಿಸ್ಟನ್ನಿಲ್ಲ, ಆಯಿಲ್ ಬದಲಿಸುವ ಕೆಲಸವಿಲ್ಲ. ಈಗಿನ ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣಾಪಾಯ ತರುವಷ್ಟು ವಿದ್ಯುತ್ತು ಹರಿಯುತ್ತದೆ, ತರಬೇತಿಯಿಲ್ಲದವನು ಮುಟ್ಟುವಂತಿಲ್ಲ. ಬ್ರೇಕು, ಸಸ್ಪೆನ್ಷನ್, ಟೈರು, ಎಸಿ, ಟಿಂಕರಿಂಗ್ ಮಾತ್ರ ಹಳೆಯ ಕಸುಬಿಗೇ ಉಳಿದಿವೆ.

ನಂಬಿಕೆಯ ಗುರುತುಗಳು ಹೊಸ ರೂಪ ತಾಳಿವೆ. ಕೆಲಸಕ್ಕೆ ಮೊದಲು ಅಂದಾಜು ಪಟ್ಟಿ, ಸ್ಕ್ಯಾನರಿನ ವರದಿ, ಬಿಡಿಭಾಗದ ಡಬ್ಬಿಯ ಮೇಲಿನ ಹೊಲೊಗ್ರಾಂ, ಫೋನಿಗೆ ಕಳಿಸುವ ಫೋಟೊ, ಜಿಎಸ್‌ಟಿ ಬಿಲ್ಲು. ಕಂಪನಿಯ ಕೇಂದ್ರದಲ್ಲಷ್ಟೇ ಅಲ್ಲ, ಬೀದಿಯ ಕೆಲವು ಗ್ಯಾರೇಜುಗಳಲ್ಲೂ ಇವು ಈಗ ಕಾಣಸಿಗುತ್ತವೆ. ಇವೆಲ್ಲದರ ನಡುವೆ, ಕಾನೂನು ಬರುವುದಕ್ಕೆ ಮುಂಚೆಯೇ ಹುಟ್ಟಿದ ಆ ಹಳೆಯ ಪದ್ಧತಿ ಒಳ್ಳೆಯ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಸವೆದ ಬ್ರೇಕ್ ಪ್ಯಾಡನ್ನು ಪತ್ರಿಕೆಯಲ್ಲಿ ಸುತ್ತಿ, ಬಿಲ್ಲಿನ ಜೊತೆ ಕಾರಿನ ಡಿಕ್ಕಿಯಲ್ಲಿಟ್ಟು ಕಳಿಸುತ್ತಾರೆ.